ನೇರಳೆ ಮುಚ್ಚಳ

ಬಿಕರ್ನಕಟ್ಟೆಯ ಆ ಮನೆಯವರು ನೀರು ಬೇಕಾ ಎಂದು ಕೇಳಿದಾಗ ಜಯ ಬೇಡವೆಂದಳು. ಬಾಯಿ ಒಣಗಿ ನಾಲಗೆ ಮೇಲಕ್ಕೆ ಅಂಟಿಕೊಂಡಿತ್ತು. ಮೇ ತಿಂಗಳ ಸೆಕೆ. ಹತ್ತೂವರೆಗೇ ಬೆನ್ನ ಬೆವರು ಚೂಡಿದಾರವನ್ನು ಒದ್ದೆ ಮಾಡಿ ಸೊಂಟಕ್ಕೆ ಇಳಿದಿತ್ತು. ಆದರೂ ಬೇಡ. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವ ಹೆಂಗಸು ನೀರು ಕುಡಿದರೆ ಆಮೇಲೆ ಯಾರ ಮನೆಯ ಬಚ್ಚಲು ಕೇಳಿಕೊಂಡು ಹೋಗುವುದು? ಇಪ್ಪತ್ತನಾಲ್ಕು ವರ್ಷದಿಂದ ಅವಳ ದೇಹ ಇದಕ್ಕೆ ಹೊಂದಿಕೊಂಡಿದೆ. ಮೇಲಿನಿಂದ ನೀರು ಬಾರದಿದ್ದರೆ ಕಿಡ್ನಿಗಳು ಬಿಗಿ ಹಿಡಿಯುತ್ತವೆ, ಒಂದೊಂದು ಹನಿಯನ್ನೂ ವಾಪಸು ಎಳೆದುಕೊಳ್ಳುತ್ತವೆ, ಬೆವರಲ್ಲಿ ಹೋದ ಉಪ್ಪನ್ನು ಇನ್ನೆಲ್ಲೋ ಉಳಿಸಿ ಸರಿದೂಗಿಸುತ್ತವೆ. ಇದಕ್ಕೆಲ್ಲ ಅವಳನ್ನು ಒಂದು ಮಾತು ಕೇಳುವುದೂ ಇಲ್ಲ. ಇಂದಿನ ಬಾಯಾರಿಕೆ ಮಾತ್ರ ಬರೀ ಸೆಕೆಯದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. "ಐದು ನಿಮಿಷ ಕೈ ಮಡಚಿ ಹಿಡೀರಿ ಅಜ್ಜಿ" ಎಂದು ಹತ್ತಿ ಒತ್ತುವಾಗಲೂ ಅವಳ ಕಣ್ಣು ಚೀಲದಲ್ಲಿ ಸಾಲಾಗಿ ನಿಂತ ಟ್ಯೂಬುಗಳ ನೇರಳೆ ಮುಚ್ಚಳಗಳ ಮೇಲೇ ಇತ್ತು. ಅಯ್ಯೋ, ಒಂದು ಚೂರು ರಕ್ತ, ಅದಕ್ಕೆ ಇಷ್ಟು ಯೋಚನೆಯಾ ಎಂದು ತನ್ನನ್ನೇ ಬೈದುಕೊಂಡು ಅವಳು ಚೀಲದ ಜಿಪ್ಪು ಎಳೆದಳು.

ಆ ಬೆಳಿಗ್ಗೆ ಏಳೂವರೆಗೆ, ಅವಳು ಕೆಲಸ ಮಾಡುವ ಬೋಳಾರದ ನರ್ಸಿಂಗ್ ಹೋಮಿನ ಲ್ಯಾಬಿಗೆ ಮೊದಲು ಬಂದವರು ಹಾಶಿಂ ಕಾಕ. ಮಂಗಳಾದೇವಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಮೂವತ್ತು ವರ್ಷದಿಂದ ಬೊಂಡ, ಎಂದರೆ ಎಳನೀರು, ಮಾರುವವರು; ಕತ್ತಿಯ ಮೂರೇ ಏಟಿಗೆ ಬೊಂಡದ ಬಾಯಿ ತೆರೆಯುವ ಆ ಕೈಯನ್ನು ಊರಿಗೆ ಊರೇ ಬಲ್ಲದು. ಎರಡು ದಿನದ ವಾಂತಿಭೇದಿಗೆ ಮನುಷ್ಯ ಸೋತು ಸೊಪ್ಪಾಗಿದ್ದರು. ಸೊಸೆ ಸಬೀನಾ ಕಂಕುಳಿಗೆ ಕೈಕೊಟ್ಟು ರಿಕ್ಷಾದಿಂದ ಇಳಿಸಿಕೊಂಡು ಬಂದಿದ್ದಳು. "ರಾತ್ರಿಯಿಡೀ ಮೀನಖಂಡ ಹಿಡ್ಕೊಂಡು ಒದ್ದಾಡಿದ್ದಾರೆ ಜಯಕ್ಕ, ಕಾಲಲ್ಲಿ ಬಲವೇ ಇಲ್ಲ." ಜಯ ಎಡಗೈಗೆ ರಬ್ಬರು ಪಟ್ಟಿ ಬಿಗಿದಳು, ಬೆರಳ ತುದಿಯಿಂದ ತಡವಿದಳು. ನೀರು ಬತ್ತಿದ ದೇಹದಲ್ಲಿ ನರ ಎಲ್ಲಿ ಸಿಗುತ್ತದೆ? ಚುಚ್ಚಿದಳು, ಸಿರಿಂಜಿಗೆ ಗಾಳಿಯೂ ಬರಲಿಲ್ಲ. ಸೂಜಿಯನ್ನು ಸ್ವಲ್ಪ ಹಿಂದೆ ತೆಗೆದು ಆಚೆ ಈಚೆ ಮಾಡಿದಳು. ಕಾಕ ಹಲ್ಲು ಕಚ್ಚಿದರು. ಆಗ ಸಬೀನಾ, ಕೆಟ್ಟ ಮನಸ್ಸಿನಿಂದ ಖಂಡಿತ ಅಲ್ಲ, ಸುಮ್ಮನೆ, ಬಾಗಿಲ ಕಡೆ ನೋಡುತ್ತ ಕೇಳಿದಳು: "ಆ ಸಣ್ಣ ಹುಡುಗಿ ಇನ್ನೂ ಬರ್ಲಿಲ್ವಾ, ಮೆಲಿಸಾ? ಕಳೆದ ಸಲ ಅವಳು ತೆಗೆದದ್ದು ಮಾವನಿಗೆ ಗೊತ್ತೇ ಆಗಿರ್ಲಿಲ್ಲ."

ಗೊತ್ತೇ ಆಗಿರಲಿಲ್ಲ! ಈ ಮಾತನ್ನು ಜನ ಜಯಳ ಬಗ್ಗೆ ಹೇಳುತ್ತಿದ್ದ ಕಾಲವಿತ್ತು. ಜೆಪ್ಪಿನಿಂದ, ಅತ್ತಾವರದಿಂದ ಮಕ್ಕಳನ್ನು ಎತ್ತಿಕೊಂಡು ಬಂದು, ಜಯಕ್ಕ ಬಾರದೆ ತೆಗೆಸುವುದಿಲ್ಲ ಎಂದು ಕಾದು ಕೂತವರಿದ್ದರು. ಕೈಗುಣ ಎಂದರೆ ಅವಳದ್ದು, ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಅವಳನ್ನು ಯಾರೂ ಯಾವುದಕ್ಕೂ ಹೊಗಳಿದ್ದಿಲ್ಲ. ಸಾರು ಉಪ್ಪಾದರೆ ಹೇಳುತ್ತಾರೆ, ಸರಿಯಾದರೆ ಉಂಡು ಏಳುತ್ತಾರೆ, ಅಷ್ಟೆ. ಹೊಗಳಿಕೆ ಎಂದು ಅವಳು ಪಡೆದದ್ದೆಲ್ಲ ಈ ಬಲಗೈಗೆ ಸಿಕ್ಕಿದ್ದು. ಈಗ ಒಂದು ವರ್ಷದಿಂದ ಆ ಕೈಯ ಹೆಬ್ಬೆರಳು, ಯಾರಿಗೂ ಕಾಣದಷ್ಟು, ಅವಳಿಗೆ ಮಾತ್ರ ಕಾಣುವಷ್ಟು ನಡುಗುತ್ತದೆ. ಕಾಕನ ಬಲಗೈಯ ನರದಲ್ಲಿ ಕಷ್ಟದಿಂದ ಒಂದಿಷ್ಟು ರಕ್ತ ಬಂತು. ನೇರಳೆ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ಬೇಕೇ ಬೇಕೆಂದು ಮೊದಲು ಅದಕ್ಕೆ ತುಂಬಿದಳು. ಕೆಂಪು ಮುಚ್ಚಳದ್ದಕ್ಕೆ ಉಳಿದದ್ದು ನಾಲ್ಕು ಹನಿ. ನರ ಮುಚ್ಚಿಕೊಂಡಿತು. ಕಾಕನೇ ಹೇಳಿದರು, "ಪರ್ವಾಗಿಲ್ಲ ಮಗಳೇ, ಇನ್ನೊಮ್ಮೆ ಚುಚ್ಚು, ನಾನೇನು ಸಣ್ಣ ಮಗುವಾ?" ಅವಳು ಸಬೀನಾಳ ಮುಖ ನೋಡಿದಳು, ನಗೆ ತಂದುಕೊಂಡಳು, "ಬೇಡ ಕಾಕ, ಸಾಕು, ಆಯ್ತು" ಎಂದಳು. ಪರದೆಯ ಹಿಂದೆ ಹೋಗಿ ಎರಡೂ ಮುಚ್ಚಳ ತೆಗೆದು ನೇರಳೆಯಿಂದ ಕೆಂಪಿಗೆ ಅರ್ಧ ಸುರಿದು, ಎರಡನ್ನೂ ಮೊದಲಿನ ಹಾಗೆ ಮುಚ್ಚಿಟ್ಟಳು.

ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಕೆಲಸ ಕಲಿಸಿದ ಬರ್ನಡೆಟ್ ಬಾಯಿ ಮೊದಲ ವಾರವೇ ನೇರಳೆ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. "ಇದರ ಒಳಗೆ ಬಿಳಿ ಪುಡಿ ಹಾಗೆ ಬಳಿದದ್ದು ಕಾಣ್ತದಾ? ರಕ್ತ ಹೆಪ್ಪುಗಟ್ಟಬಾರ್ದು ಅಂತ ಹಾಕುವ ಉಪ್ಪು ಅದು. ಪೊಟ್ಯಾಶಿಯಂನದ್ದೇ ಉಪ್ಪು. ಇದರ ರಕ್ತ ಇನ್ನೊಂದಕ್ಕೆ ಹೋಯ್ತಾ, ನೀನು ರೋಗಿಯ ರಕ್ತ ಅಲ್ಲ, ಈ ಉಪ್ಪನ್ನು ಪರೀಕ್ಷೆ ಮಾಡಿದ ಹಾಗೆ. ಮುಚ್ಚಳ ತೆಗೆದು ಸುರಿಯುವವಳು ಈ ಕೆಲಸಕ್ಕೆ ಬೇಡ." ಬರ್ನಡೆಟ್ ಬಾಯಿಗೆ ಕತೆ ಕಟ್ಟಿ ಹೇಳುವುದೆಂದರೆ ಇಷ್ಟ. ಸೋಡಿಯಂ ಅಂದರೆ ಜಗಲಿಯಲ್ಲಿ ಕೂರುವವ, ಪೊಟ್ಯಾಶಿಯಂ ಒಳಕೋಣೆಯವ; ಜೀವಕೋಶದ ಬಾಗಿಲಲ್ಲಿ ಒಬ್ಬ ಕಾವಲುಗಾರ ಹಗಲೂ ರಾತ್ರಿ ಒಬ್ಬನನ್ನು ಹೊರಗೆ ದಬ್ಬಿ ಇನ್ನೊಬ್ಬನನ್ನು ಒಳಗೆ ಎಳೆಯುತ್ತ ಇರುತ್ತಾನೆ, ಅವನಿಗೆ ಸುಸ್ತಾದ ದಿನ ನಮ್ಮ ಕತೆ ಮುಗಿಯಿತು. ಹೊರಗೆ ರಕ್ತದಲ್ಲಿ ಪೊಟ್ಯಾಶಿಯಂ ನಾಲ್ಕರ ಆಸುಪಾಸು ಇರಬೇಕು. ಆರು ದಾಟಿದರೂ ಹೃದಯಕ್ಕೆ ಅಪಾಯ, ಮೂರರ ಕೆಳಗೆ ಹೋದರೂ ಅಪಾಯ. ಇದೆಲ್ಲ ಗೊತ್ತಿದ್ದೇ ಅವಳು ಸುರಿದದ್ದು. ಆದರೆ ಚೀಟಿಯಲ್ಲಿ ಪೊಟ್ಯಾಶಿಯಂ ಬರೆದಿರಲಿಲ್ಲವಲ್ಲ! ಯೂರಿಯಾ, ಕ್ರಿಯಾಟಿನಿನ್ ಅಷ್ಟೇ ಇದ್ದದ್ದು, ಅವುಗಳಿಗೆ ಆ ಉಪ್ಪಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮುದುಕರನ್ನು ಮೂರನೇ ಸಲ ಚುಚ್ಚುವುದು ಪಾಪವಲ್ಲವಾ? ಬಿಕರ್ನಕಟ್ಟೆಯ ಮನೆಯ ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಬರುವವರೆಗೂ ಪಾಪ ಎಂಬ ಆ ಮಾತನ್ನು ಅವಳು ಬಾಯಲ್ಲಿ ಹೊರಳಿಸುತ್ತಲೇ ಇದ್ದಳು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ಜಯಕ್ಕ, ಎಲ್ಲಿದ್ದೀರಿ?" ಮೆಲಿಸಾಳ ದನಿ ಏರಿತ್ತು. "ಆ ಬೊಂಡದ ಕಾಕ ಇದ್ದಾರಲ್ಲ, ಅವರ ಪೊಟ್ಯಾಶಿಯಂ ಎಂಟೂವರೆ! ಡಾಕ್ಟ್ರು ಒಂಬತ್ತು ಗಂಟೆಗೆ ಫೋನ್ ಮಾಡಿ ಅದೇ ಸ್ಯಾಂಪಲಿನಲ್ಲಿ ಸೋಡಿಯಂ ಪೊಟ್ಯಾಶಿಯಂ ಕೂಡ ನೋಡಿ ಅಂದ್ರು. ನಾನು ಎರಡೆರಡು ಸಲ ಹಾಕಿದೆ ಅಕ್ಕ, ಅಷ್ಟೇ ಬಂತು. ಹೆಪ್ಪು ಮಾತ್ರ ಸರಿ ಕಟ್ಟಿರ್ಲಿಲ್ಲ, ಮೆತ್ತಗೆ ಇತ್ತು, ಎಂತ ಅಂತ ಗೊತ್ತಾಗ್ಲಿಲ್ಲ. ಅವರನ್ನು ವಾರ್ಡಿಗೆ ಸೇರಿಸಿದ್ದಾರೆ, ಅಲ್ಲಿ ಗಲಾಟೆ. ಇನ್ಸುಲಿನ್ ಡ್ರಿಪ್ ಹಾಕಿದ್ದಾರೆ, ಡಯಾಲಿಸಿಸ್‌ಗೆ ದೊಡ್ಡ ಆಸ್ಪತ್ರೆಗೆ ಕಳಿಸ್ಲಿಕ್ಕೆ ಆಂಬುಲೆನ್ಸ್ ಹೇಳಿದ್ದಾರೆ. ಎಲ್ಲ ಆ ಬೊಂಡದಿಂದ ಅಂತೆ. ಬೊಂಡದಲ್ಲಿ ಪೊಟ್ಯಾಶಿಯಂ ತುಂಬ ಉಂಟಲ್ಲ, ಸೊಸೆ ಎರಡು ದಿನದಿಂದ ಬೊಂಡವೇ ಕುಡಿಸಿದ್ದಂತೆ." ಆ ಕ್ಷಣದಲ್ಲಿ ಹೇಳಬೇಕಾದದ್ದು ಮೂರೇ ಮಾತು: ಡ್ರಿಪ್ ನಿಲ್ಲಿಸು, ನಾನು ಸುರಿದೆ, ಡಾಕ್ಟರಿಗೆ ಕೊಡು. ಜಯ ಒಣಗಿದ ಗಂಟಲಲ್ಲಿ ಉಗುಳು ನುಂಗಲು ನೋಡಿದಳು, ಉಗುಳೂ ಇರಲಿಲ್ಲ. "ಬರ್ತೇನೆ" ಎಂದು ಫೋನಿಟ್ಟಳು.

ಬರುತ್ತೇನೆ ಎಂದರೆ ಬೋಳಾರ ಏನು ಪಕ್ಕದ ಮನೆಯಾ? ಪಂಪ್‌ವೆಲ್ ದಾಟಬೇಕು, ಕಂಕನಾಡಿ ದಾಟಬೇಕು, ಈ ಹೊತ್ತಿಗೆ ಅರ್ಧ ಗಂಟೆ ಎಲ್ಲೂ ಹೋಗುವುದಿಲ್ಲ. ಆ ಅರ್ಧ ಗಂಟೆಯೂ ಡ್ರಿಪ್ ಇಳಿಯುತ್ತಿರುತ್ತದೆ. ಇನ್ಸುಲಿನ್ ರಕ್ತದ ಪೊಟ್ಯಾಶಿಯಂ ಅನ್ನು ಅಟ್ಟಿಸಿಕೊಂಡು ಒಳಕೋಣೆಗೆ ತುಂಬುತ್ತದೆ. ಹೆಚ್ಚಾಗಿ ಇದ್ದವರಿಗೆ ಅದು ಜೀವ ಉಳಿಸುವ ಮದ್ದು. ಎರಡು ದಿನ ವಾಂತಿಭೇದಿಯಲ್ಲಿ ಇದ್ದಬದ್ದದ್ದೆಲ್ಲ ಹರಿದುಹೋದವರಿಗೆ? ಮೀನಖಂಡ ಹಿಡಿದದ್ದು, ಕಾಲಲ್ಲಿ ಬಲವಿಲ್ಲದ್ದು, ಅದೆಲ್ಲ ಪೊಟ್ಯಾಶಿಯಂ ಕಡಿಮೆಯಾದವರ ಲಕ್ಷಣ. ಬೆಳಿಗ್ಗೆ ತನ್ನ ಕಣ್ಣೆದುರೇ ಕೂತಿತ್ತು. ಪಂಪ್‌ವೆಲ್ ಸಿಗ್ನಲಿನಲ್ಲಿ ಅವಳು ಫೋನು ಹೊರಗೆ ತೆಗೆದಳು. ಹೆಲ್ಮೆಟ್ ಹಾಕಿಕೊಂಡು ಹೇಗೆ ಮಾತಾಡುವುದು? ಪೊಲೀಸ ನಿಂತಿದ್ದಾನೆ. ಮೆಲಿಸಾಳ ಹತ್ತಿರ ಹೇಳಿದರೆ ಅವಳು ಊರಿಡೀ ಹೇಳಿಯಾಳು, ಎದುರೆದುರೇ ಡಾಕ್ಟರಿಗೆ ಹೇಳುವುದು ಒಳ್ಳೆಯದು. ಥೂ, ಒಂದು ಸತ್ಯ ಮುಂದೂಡಲು ಮನುಷ್ಯನಿಗೆ ಎಷ್ಟು ನೆಪ! ಹಿಂದಿನ ಕಾರಿನವ ಹಾರ್ನು ಬಾರಿಸಿದಾಗ ಹಸಿರು ದೀಪ ಬಂದು ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿದಿರಲಿಲ್ಲ.

ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಬಡಿದು ಬೆವರು ಆರಿತು, ತುಟಿಯ ಮೇಲೆ ಉಪ್ಪು ಉಳಿಯಿತು. ಮೂರು ತಿಂಗಳ ಹಿಂದೆ ಒಬ್ಬಳು ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜಯ ಸಿರಿಂಜಿ ಎತ್ತಿಕೊಂಡಾಗ, "ನೀವು ಬೇಡ, ಮೆಲಿಸಾ ಅವರನ್ನೇ ಕರೀರಿ" ಎಂದಿದ್ದಳು. ನೀವು ಬೇಡ. ಆ ದಿನ ಜಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಿದ್ದಳು, ಯಾಕೆಂದು ಕೇಳಿದ ಮೆಲಿಸಾಳಿಗೆ ಕಣ್ಣಿಗೆ ಸ್ಪಿರಿಟು ಬಿತ್ತು ಎಂದಿದ್ದಳು. ಕೈ ಹೋದರೆ ಅವಳನ್ನು ಏನು ಮಾಡುತ್ತಾರೆ? ಕೌಂಟರಿನಲ್ಲಿ ಕೂರಿಸಿ ರಿಪೋರ್ಟಿನ ಲಕೋಟೆ ಹಂಚಲು ಹೇಳುತ್ತಾರೆ. ಬಂದವರೆಲ್ಲ ಲಕೋಟೆ ತೆಗೆದುಕೊಂಡು ಅವಳ ಮುಖ ನೋಡದೆ ಹೋಗುತ್ತಾರೆ. ತಿರುವಿನಲ್ಲಿ ಹಾಶಿಂ ಕಾಕನ ಗಾಡಿಗೆ ನೀಲಿ ಟರ್ಪಾಲು ಹೊದಿಸಿ ಹಗ್ಗ ಬಿಗಿದಿತ್ತು. ಅದರ ಅಡಿಯಿಂದ ಬೊಂಡದ ಒಂದು ಗೊನೆ ಹೊರಗೆ ಇಣುಕುತ್ತಿತ್ತು. ಆ ಕಾಕ ಅವಳಿಂದ ಎಂದಾದರೂ ಬೊಂಡಕ್ಕೆ ದುಡ್ಡು ತೆಗೆದುಕೊಂಡದ್ದುಂಟಾ? ಪ್ರತಿ ಬೇಸಿಗೆಯಲ್ಲಿ ಸ್ಕೂಟರು ಅಡ್ಡಹಾಕಿ, "ಕುಡಿದು ಹೋಗು, ನೀನು ಎಲ್ಲರ ರಕ್ತ ತೆಗೀತಿ, ನಿನಗೆ ಯಾರು ಕೊಡ್ತಾರೆ?" ಎಂದು ನಗುತ್ತಿದ್ದರು. ಪಾಪ ಎನಿಸಿ ಸುರಿದೆ ಎಂದು ಇಷ್ಟು ಹೊತ್ತು ಹೇಳಿಕೊಂಡದ್ದು ಆ ಟರ್ಪಾಲಿನ ಎದುರು ನಿಲ್ಲಲಿಲ್ಲ. ಕಾಕ ಕೈ ಚಾಚಿಕೊಂಡೇ ಇದ್ದರು, ಚುಚ್ಚು ಎಂದಿದ್ದರು. ಅವಳು ಉಳಿಸಿದ್ದು ಕಾಕನ ನೋವನ್ನಲ್ಲ, ಸಬೀನಾಳ ಎದುರು ತನ್ನ ಮರ್ಯಾದೆಯನ್ನು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಸಬೀನಾ ಫೋನು ಹಿಡಿದು ಕೂತಿದ್ದಳು. ಸ್ಪೀಕರ್ ಹಾಕಿದ್ದಳು. ಸೌದಿಯ ದಮ್ಮಾಮಿನಿಂದ ಗಂಡ ಇಮ್ತಿಯಾಝನ ದನಿ ಕಾರಿಡಾರು ತುಂಬ ಕೇಳುತ್ತಿತ್ತು. ಬ್ಯಾರಿ ಭಾಷೆ ಜಯಳಿಗೆ ಆಡಲು ಬಾರದು, ಕೇಳಿದರೆ ತಿಳಿಯುತ್ತದೆ. ಇದಂತೂ ಯಾವ ಭಾಷೆಯಲ್ಲಿ ಬೈದರೂ ತಿಳಿಯುವಂಥದ್ದು. ಬೊಂಡ ಕುಡಿಸು ಎಂದು ಹೇಳಿದ್ದು ಯಾರು ನಿನಗೆ? ಡಾಕ್ಟರಾ ನೀನು? ಮೊನ್ನೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ, ನೀನು ಬೊಂಡ ಕೆತ್ತುತ್ತ ಕೂತೆ. ನನ್ನ ತಂದೆಗೆ ಏನಾದರೂ ಆಗಲಿ, ಆಮೇಲೆ ನೋಡು. ಸಬೀನಾಳ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ಕಡೆಗೆ ಫೋನು ಕಟ್ಟಾದ ಮೇಲೆ ಜಯಳನ್ನು ನೋಡಿ, "ಭೇದಿಗೆ ಬೊಂಡ ಕೊಡುವುದು ಎಲ್ಲರೂ ಮಾಡುವುದೇ ಅಲ್ವಾ ಜಯಕ್ಕ? ನಮ್ಮ ಮನೆಯಲ್ಲಿ ಬೇರೆ ಎಂತ ಉಂಟು ಕೊಡ್ಲಿಕ್ಕೆ? ಮಾವ ಬೇಡ ಬೇಡ ಅಂತಿದ್ರು, ನಾನೇ ಒತ್ತಾಯ ಮಾಡಿ ಕುಡಿಸಿದ್ದು. ನಾನೇ ನನ್ನ ಕೈಯಾರೆ..." ಎಂದಳು. ಜಯ ಅವಳ ಭುಜ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡಳು. "ಪೋಡಿಯೊಡ್ಚಿ, ಹೆದರಬೇಡಿ" ಎಂದವಳು ಒಳಗೆ ನುಗ್ಗಿದಳು.

ಡಾಕ್ಟರ್ ಹಿತೇಶ್ ಕಾಕನ ಮಂಚದ ಬಳಿ ಇಸಿಜಿ ಕಾಗದ ಹಿಡಿದು ನಿಂತಿದ್ದರು. ಇನ್ನೂ ಮೂವತ್ತು ತುಂಬದ ಹುಡುಗ. ಹಣೆಯ ಬೆವರು ಕನ್ನಡಕಕ್ಕೆ ಇಳಿಯುತ್ತಿತ್ತು. ಡ್ರಿಪ್ಪಿನ ಬಾಟಲಿ ಅರ್ಧ ಖಾಲಿಯಾಗಿತ್ತು. ಕಾಕ ಕಣ್ಣು ಮುಚ್ಚಿದ್ದರು, ತುಟಿ ಬಿರಿದಿತ್ತು, ಎದೆಯ ಮೇಲಿಟ್ಟ ಕೈ ಆಗಾಗ ತಾನಾಗಿಯೇ ಅದುರುತ್ತಿತ್ತು. ಈಗ ಹೇಳಬೇಕು, ಈಗಲೇ. "ಡಾಕ್ಟ್ರೇ, ಆ ಡ್ರಿಪ್ ನಿಲ್ಲಿಸಿ. ಸ್ಯಾಂಪಲ್ ಸರಿ ಇಲ್ಲ" ಎಂದಳು. "ಸರಿ ಇಲ್ಲ ಅಂದ್ರೆ?" ಅವಳ ಬಾಯಿ ಅವಳಿಗಿಂತ ಮೊದಲು ಹೇಳಿಬಿಟ್ಟಿತು: "ತೆಗೆಯುವಾಗ ಕಷ್ಟ ಆಗಿತ್ತು. ರಕ್ತಕಣ ಒಡೆದಿರ್ಬೇಕು, ಒಡೆದ್ರೆ ಒಳಗಿನ ಪೊಟ್ಯಾಶಿಯಂ ಹೊರಗೆ ಬರ್ತದಲ್ಲ. ಇನ್ನೊಮ್ಮೆ ತೆಗೆಯುವ." ಹಿತೇಶ್ ಒಂದು ಕ್ಷಣ ಅವಳನ್ನೇ ನೋಡಿದರು, ಕೈ ಚಾಚಿ ಡ್ರಿಪ್ಪಿನ ಚಕ್ರ ತಿರುಗಿಸಿ ನಿಲ್ಲಿಸಿದರು. "ಇಸಿಜಿಯಲ್ಲಿ ಅಂಥಾದ್ದೇನೂ ಕಾಣ್ಲಿಲ್ಲ ಅಂತ ನನಗೂ ಇತ್ತು. ಆದ್ರೆ ಎಂಟೂವರೆ ಅಂತ ಬಂದ ಮೇಲೆ ಕಾಯ್ಲಿಕ್ಕೆ ಆಗ್ತದಾ ಮಾರಾಯ್ರೆ? ಬೇಗ ತೆಗೀರಿ." ಸುಳ್ಳೂ ಅಲ್ಲ, ನಿಜವೂ ಅಲ್ಲ, ಕೆಲಸ ಆಯಿತಲ್ಲ, ಜೀವ ಉಳಿಯಿತಲ್ಲ, ಇನ್ನು ಬಾಯಿ ಬಿಡುವ ಅಗತ್ಯವೇನು ಎಂದು ಒಳಗೆ ಯಾರೋ ಆಗಲೇ ಚೌಕಾಸಿ ಶುರು ಮಾಡಿದ್ದರು.

ಟ್ರೇ ತಂದು ಮಂಚದ ಪಕ್ಕ ಕೂತಳು. ಡ್ರಿಪ್ ಇಲ್ಲದ ಎಡಗೈ. ಬೆಳಿಗ್ಗೆ ಅವಳು ಹಾಳುಗೆಡವಿದ ಜಾಗ ನೀಲಿಗಟ್ಟಿತ್ತು. ಸಬೀನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಹಿಂದೆ ಮೆಲಿಸಾ. ಕಾಕ ಕಣ್ಣು ತೆರೆದರು. "ಜಯನಾ? ತೆಗಿ ಮಗಳೇ" ಎಂದರು, ದನಿ ಎಷ್ಟು ತಗ್ಗಿತ್ತೆಂದರೆ ತುಟಿ ನೋಡಿಯೇ ತಿಳಿಯಬೇಕಿತ್ತು. ಪಟ್ಟಿ ಬಿಗಿದಳು, ಸೂಜಿಯ ಟೊಪ್ಪಿ ತೆಗೆದಳು. ಹೆಬ್ಬೆರಳು ನಡುಗಿತು, ಈ ಸಲ ಯಾರು ಬೇಕಾದರೂ ನೋಡಬಹುದಾದಷ್ಟು ನಡುಗಿತು. ಸೂಜಿಯ ತುದಿ ಕಾಕನ ಚರ್ಮದ ಮೇಲೆ ಅಲ್ಲಾಡುತ್ತಿತ್ತು. ಒತ್ತಿಬಿಡಲೇ? ಸಿಕ್ಕಿದರೆ ಸಿಕ್ಕಿತು. ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಕೈಬಿಡಲಿಕ್ಕಿಲ್ಲ. ಅವಳು ಉಸಿರು ಹಿಡಿದಳು. ಮತ್ತೆ ಉಸಿರು ಬಿಟ್ಟು, ತಲೆಯೆತ್ತದೆ, "ಮೆಲಿಸಾ, ನೀನು ತೆಗಿ" ಎಂದಳು. ತನ್ನ ದನಿಯನ್ನು ಬೇರೆ ಯಾರದ್ದೋ ಎಂಬಂತೆ ಕೇಳಿಸಿಕೊಂಡಳು. ಮೆಲಿಸಾ ಬಂದು ಅವಳ ಕೈಯಿಂದ ಸಿರಿಂಜಿ ತೆಗೆದುಕೊಂಡು, ಮಣಿಕಟ್ಟಿನ ಕೆಳಗೆ ಎಲ್ಲೋ ಬೆರಳಿಟ್ಟು ತಡವಿ, ಒಂದೇ ಸಲಕ್ಕೆ ರಕ್ತ ಎಳೆದಳು. ಮೊದಲು ಕೆಂಪು ಮುಚ್ಚಳಕ್ಕೆ ತುಂಬಿದಳು. ಕಾಕನಿಗೆ ಗೊತ್ತೇ ಆಗಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಮೆಷಿನ್ನು ಹೇಳಿತು: ಎರಡು ಪಾಯಿಂಟ್ ಏಳು. ಲ್ಯಾಬಿನ ತಂಪು ಕೋಣೆಯಲ್ಲಿ ಹಿತೇಶ್ ಆ ಅಂಕಿಯನ್ನು ನೋಡಿ ಹಣೆ ಚಚ್ಚಿಕೊಂಡರು. "ಇನ್ನರ್ಧ ಗಂಟೆ ಆ ಡ್ರಿಪ್ ಓಡಿದ್ರೆ ಎಂತ ಆಗ್ತಿತ್ತು ಗೊತ್ತುಂಟಾ?" ಅವರ ಹೆದರಿಕೆ ಸಿಟ್ಟಾಗಿ ಮೆಲಿಸಾಳ ಮೇಲೆ ಬಿತ್ತು. "ರಕ್ತಕಣ ಒಡೆದ್ರೆ ಸೀರಂ ಕೆಂಪಾಗ್ತದೆ. ಅಷ್ಟೂ ಕಣ್ಣಿಗೆ ಕಾಣುವುದಿಲ್ವಾ ನಿನಗೆ? ಹಾಗೇ ರಿಪೋರ್ಟ್ ಕೊಡ್ತೀಯಾ?" ಮೆಲಿಸಾ ಬೆಳಿಗ್ಗೆಯ ಟ್ಯೂಬನ್ನು ಸ್ಟ್ಯಾಂಡಿನಿಂದ ತೆಗೆದಳು. ಹೆಪ್ಪಿನ ಮೇಲೆ ನಿಂತ ಸೀರಂ ತಿಳಿಹಳದಿಯಾಗಿ ಚೊಕ್ಕವಾಗಿತ್ತು, ಕೆಂಪಿನ ಛಾಯೆಯೂ ಇರಲಿಲ್ಲ. ಅವಳು ಅದನ್ನು ಡಾಕ್ಟರಿಗೆ ತೋರಿಸಲಿಲ್ಲ. ಬೆಳಕಿಗೆ ಹಿಡಿದಳು, ಮೆತ್ತಗಿನ ಹೆಪ್ಪನ್ನು ನೋಡಿದಳು, ಪಕ್ಕದ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆಗಿಂತ ಎಷ್ಟೋ ಕೆಳಗೆ ಇದ್ದದ್ದನ್ನು ನೋಡಿದಳು. ಆಮೇಲೆ ಜಯಳನ್ನು ನೋಡಿದಳು. ಎರಡು ವರ್ಷದ ಹಿಂದೆ, ಮುಚ್ಚಳ ತೆಗೆದು ಸುರಿಯುವವಳು ಈ ಕೆಲಸಕ್ಕೆ ಬೇಡ ಎಂದು ಅವಳಿಗೆ ಕಲಿಸಿದ್ದು ಜಯಳೇ. "ಸಾರಿ ಡಾಕ್ಟ್ರೇ" ಎಂದು ಮೆಲಿಸಾ ಟ್ಯೂಬನ್ನು ವಾಪಸು ಇಟ್ಟಳು. ಆ ಸಾರಿ ಎಂಬ ಮಾತಿಗೆ ಜಯಳ ಮೈಯ ನೀರೆಲ್ಲ ಇಂಗಿದ ಹಾಗಾಯಿತು. ಆದರೂ, ಹೇಳಲು ನಾಚಿಕೆಯಾಗುತ್ತದೆ, ಆಗಲೂ ಅವಳು ಸುಮ್ಮನಿದ್ದಳು.

ವಾರ್ಡಿನಲ್ಲಿ ಬೇರೆ ಡ್ರಿಪ್ ಹಾಕಿದರು, ಈ ಸಲ ಪೊಟ್ಯಾಶಿಯಂ ಸೇರಿಸಿ, ನಿಧಾನವಾಗಿ ಬಿಡುವಂಥದ್ದು. ಆಂಬುಲೆನ್ಸು ಬೇಡ ಎಂದರು. ಹಿತೇಶ್ ಸಬೀನಾಳ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. ನರ್ಸಿಂಗ್ ಹೋಮಿನ ಹೆಸರೂ ಉಳಿಯಬೇಕಲ್ಲ! "ನೋಡಿ, ಪೊಟ್ಯಾಶಿಯಂ ಇಳಿದಿದೆ. ಟ್ರೀಟ್‌ಮೆಂಟಿಗೆ ಚೆನ್ನಾಗಿ ಇಳೀತು. ಸ್ವಲ್ಪ ಜಾಸ್ತಿಯೇ ಇಳಿದಿದೆ, ಅದನ್ನು ಸರಿ ಮಾಡ್ತೇವೆ. ಇನ್ನು ಮುಂದೆ ಮಾತ್ರ ಆ ಬೊಂಡ ಎಲ್ಲ ನಮ್ಮನ್ನು ಕೇಳದೆ ಕೊಡ್ಬೇಡಿ, ಆಯ್ತಾ?" ಸಬೀನಾ ಆಯ್ತು ಆಯ್ತು ಎಂದು ತಲೆಯಾಡಿಸಿದಳು, ಹತ್ತು ಸಲ ಆಡಿಸಿದಳು. "ಇಲ್ಲ ಡಾಕ್ಟ್ರೇ, ಇನ್ನು ಮನೆಗೆ ಒಂದು ಬೊಂಡ ತರುವುದಿಲ್ಲ. ಆ ಗಾಡಿಯನ್ನೇ ತೆಗೀತೇವೆ." ಡಾಕ್ಟರು ಹೋದ ಮೇಲೆ ಅವಳು ಜಯಳ ಎರಡೂ ಕೈಗಳನ್ನು ಹಿಡಿದುಕೊಂಡಳು. "ನೀವು ಓಡಿ ಬಂದದ್ದಕ್ಕೆ ಮಾವ ಉಳಿದ್ರು ಜಯಕ್ಕ. ನಾನು ಮಾಡಿದ್ದನ್ನು ನೀವು ಸರಿ ಮಾಡಿದ್ರಿ. ಈ ಕೈ ತಣ್ಣಗಿರ್ಲಿ." ಹಾಗೆಂದು ಜಯಳ ಬಲಗೈಯನ್ನು ಕಣ್ಣಿಗೆ ಒತ್ತಿಕೊಂಡಳು. ಕಣ್ಣೀರು ಬೆರಳ ಸಂದಿಯಲ್ಲಿ ಬೆಚ್ಚಗೆ ಇಳಿಯಿತು. ಅದು ಉಪ್ಪು, ಬರೀ ಉಪ್ಪು ನೀರು. ಇಷ್ಟು ವರ್ಷ ಆಸೆಪಟ್ಟು ಕೂಡಿಟ್ಟ ಹೊಗಳಿಕೆಗಳಲ್ಲಿ ಇದರಷ್ಟು ದೊಡ್ಡದು ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಇದನ್ನು ಇಟ್ಟುಕೊಳ್ಳಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ.

"ನೀವು ಎಂತದೂ ಮಾಡ್ಲಿಲ್ಲ" ಎಂದಳು ಜಯ. ಅವಳ ಕೈಯನ್ನು ಸಬೀನಾ ಇನ್ನೂ ಹಿಡಿದೇ ಇದ್ದಳು. "ನಿಮ್ಮ ಮಾವನಿಗೆ ಪೊಟ್ಯಾಶಿಯಂ ಏರಲೇ ಇಲ್ಲ. ಮೊದಲಿಂದಲೇ ಕಡಿಮೆ ಇದ್ದದ್ದು. ಬೆಳಿಗ್ಗೆ ಕೆಂಪು ಟ್ಯೂಬಿಗೆ ರಕ್ತ ಸಾಲ್ಲಿಲ್ಲ. ಇನ್ನೊಮ್ಮೆ ಚುಚ್ಚಿದ್ರೆ ನೀವು ಎಂತ ಹೇಳ್ತೀರೋ ಅಂತ ನಾನು ಬೇರೆ ಟ್ಯೂಬಿನಿಂದ ಅದಕ್ಕೆ ಸುರಿದೆ. ಆ ಟ್ಯೂಬಿನಲ್ಲಿ ಪೊಟ್ಯಾಶಿಯಂ ಉಪ್ಪು ಹಾಕಿರ್ತಾರೆ. ಎಂಟೂವರೆ ಬಂದದ್ದು ಅದರಿಂದ. ಮೆಲಿಸಾಳದ್ದೂ ತಪ್ಪಲ್ಲ, ಬೊಂಡದ್ದೂ ಅಲ್ಲ. ನೀವು ಕುಡಿಸಿದ ಬೊಂಡದಿಂದಲೇ ಅವರು ಇಷ್ಟಾದರೂ ತಡೆದದ್ದು. ಕುಡಿಸದಿದ್ರೆ ಇನ್ನೂ ಕಡಿಮೆ ಇರ್ತಿತ್ತು, ಆ ಇನ್ಸುಲಿನ್‌ಗೆ..." ಬಾಗಿಲ ಬಳಿ ಹಿತೇಶ್ ಹಿಂತಿರುಗಿ ನಿಂತದ್ದು, ಮೆಲಿಸಾ ಕೈಯಲ್ಲಿ ರಿಪೋರ್ಟು ಹಿಡಿದು ನಿಂತದ್ದು ಅವಳಿಗೆ ಕಂಡಿತು, ಕಂಡರೂ ಸರಿ. ಮಂಚದ ಮೇಲೆ ಕಾಕ ಕಣ್ಣು ತೆರೆದು ಅವಳನ್ನು ನೋಡುತ್ತಿದ್ದರು. "ಚುಚ್ಚು ಅಂತ ನಾನು ಹೇಳಿದ್ದೆನಲ್ಲ ಮಗಳೇ" ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಸಬೀನಾ ಕೈ ಬಿಟ್ಟಳು. ಥಟ್ಟನೆ ಅಲ್ಲ, ಏನೋ ಭಾರದ ವಸ್ತುವನ್ನು ಕೆಳಗಿಡುವ ಹಾಗೆ ಬಿಟ್ಟಳು. ಜಯ ಕಾದಳು. ಹೊಡೆಯಲಿ, ಕಿರುಚಲಿ, ಪೊಲೀಸರನ್ನು ಕರೆಯಲಿ ಎಂದು ಕಾದಳು. ಸಬೀನಾ ಮುಖ ಒರೆಸಿಕೊಂಡಳು, ತಲೆಯ ಮೇಲಿನ ಶಾಲು ಸರಿ ಮಾಡಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿಗೂ ಮೊದಲು ಬಂದದ್ದು ಬೇರೆಯೇ ಒಂದು, ಬೆನ್ನ ಮೇಲಿನ ಮೂಟೆ ತನ್ನದಲ್ಲ ಎಂದು ಈಗಷ್ಟೇ ಗೊತ್ತಾದವರದ್ದು. ಅದನ್ನು ನೋಡುವುದು ಜಯಳಿಗೆ ಹೊಡೆತಕ್ಕಿಂತ ಕಷ್ಟವಾಯಿತು. ಸಬೀನಾ ಫೋನು ತೆಗೆದು ಒಂದು ನಂಬರು ಒತ್ತಿದಳು, ಸ್ಪೀಕರ್ ಹಾಕಿದಳು. ದೂರದಲ್ಲೆಲ್ಲೋ ರಿಂಗಾಗುವ ಸದ್ದು ವಾರ್ಡು ತುಂಬಿತು. ಅವಳು ಫೋನನ್ನು ಜಯಳ ಕಡೆ ಚಾಚಿದಳು.

"ನನಗೆ ಹೇಳಿದ್ದನ್ನೇ ಹೇಳಿ" ಎಂದಳು. "ಒಂದಕ್ಷರ ಬಿಡ್ಬೇಡಿ. ನಾನು ಹೇಳಿದ್ರೆ ಅವರು ನಂಬುವುದಿಲ್ಲ."

ಜಯ ಫೋನು ತೆಗೆದುಕೊಂಡಳು. ಹೆಬ್ಬೆರಳು ನಡುಗುತ್ತಿತ್ತು, ಅಡಗಿಸಲು ಹೋಗಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕಾಕನಿಗೆಂದು ಇಟ್ಟ ನೀರಿನ ಲೋಟವಿತ್ತು. ಒಂದು ಗುಟುಕು ಕುಡಿದರೆ ದನಿ ಬರುತ್ತಿತ್ತೇನೋ, ಕೇಳುವ ಧೈರ್ಯ ಬರಲಿಲ್ಲ. ಆಚೆಯಿಂದ ಗಂಡಸಿನ ದನಿ, ಇನ್ನೂ ಸಿಟ್ಟು ಆರದ ದನಿ, ಈಗ ಏನಾಯಿತು ನಿನ್ನದು ಎಂದು ಹೆಂಡತಿಯನ್ನು ಗದರಿಸಿತು.

"ಸಬೀನಾ ಅಲ್ಲ" ಎಂದಳು ಅವಳು. "ನಾನು ಜಯ. ಬೆಳಿಗ್ಗೆ ನಿಮ್ಮ ತಂದೆಯ ರಕ್ತ ತೆಗೆದವಳು."